ವಾರ್ನಿ ದ ವ್ಯಾಂಪೈರ್

ವಾರ್ನಿ ದ ವ್ಯಾಂಪೈರ್, ಅಥವಾ ರಕ್ತದ ಔತಣ ಎಂಬುದು 1845ರಿಂದ 1847ರವರೆಗೆ ಲಂಡನ್ನಿನಲ್ಲಿ ವಾರದ ಕಂತುಗಳಾಗಿ ಪ್ರಕಟವಾದ ಇಂಗ್ಲಿಷ್ ಭಯಾನಕ ಕಾದಂಬರಿ. ಇದರ ಪ್ರಕಾಶಕ ಎಡ್ವರ್ಡ್ ಲಾಯ್ಡ್. ಮೂಲದಲ್ಲಿ ಲೇಖಕನ ಹೆಸರಿರಲಿಲ್ಲ. ಜೇಮ್ಸ್ ಮಾಲ್ಕಮ್ ರೈಮರ್ (1814–1884) ಇದನ್ನು ಬರೆದನೆಂಬುದು ಇಂದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1847ರಲ್ಲಿ ಪುಸ್ತಕವಾಗಿ ಬಂದಾಗ ಇದು ಎರಡು ಅಂಕಣಗಳಲ್ಲಿ ಮುದ್ರಿತವಾದ 876 ಪುಟಗಳನ್ನೂ 232 ಅಧ್ಯಾಯಗಳನ್ನೂ ಹೊಂದಿತ್ತು. ಒಟ್ಟು ಪದಗಳ ಸಂಖ್ಯೆ ಸುಮಾರು 6,67,000.

ಬ್ರಾಮ್ ಸ್ಟೋಕರ್‌ನ ಡ್ರಾಕುಲಾ (1897) ಕಾದಂಬರಿಗೆ ಐವತ್ತು ವರ್ಷ ಮೊದಲೇ ಬಂದ ಈ ಕೃತಿ ರಕ್ತಪಿಶಾಚಿಯ ಕಥೆಗಳಿಗೆ ಚೂಪಾದ ಹಲ್ಲು, ಕೊರಳಿನ ಮೇಲಿನ ಎರಡು ಗಾಯದ ಗುರುತು, ಮಧ್ಯರಾತ್ರಿಯ ಕಿಟಕಿ ಮುಂತಾದ ಸಾಮಗ್ರಿಯನ್ನು ಒದಗಿಸಿತು. ಆದರೆ ಡ್ರಾಕುಲಾದ ಗುಂಗಿನಲ್ಲಿ ಇದನ್ನು ಕೈಗೆತ್ತಿಕೊಂಡ ಓದುಗರು ಹೆಚ್ಚಾಗಿ ನಿರಾಶರಾಗಿದ್ದಾರೆ. ಕಥೆ ಗೊಂದಲಮಯ, ರಕ್ತಪಾತ ಅತಿಯಾದದ್ದು, ಪಾತ್ರಗಳು ನಡುವೆಯೇ ಮಾಯವಾಗುತ್ತವೆ, ನಾಯಕ ನಿಜವಾಗಿ ರಕ್ತಪಿಶಾಚಿಯೇ ಅಲ್ಲವೇ ಎಂಬುದೂ ಬಹುಕಾಲ ತೀರ್ಮಾನವಾಗುವುದಿಲ್ಲ ಎಂಬವು ಇದರ ಮೇಲಿನ ಮುಖ್ಯ ಆಕ್ಷೇಪಗಳು. ಇವು ಬಹುಮಟ್ಟಿಗೆ ಸತ್ಯವೇ. ಕೃತಿ ಹುಟ್ಟಿದ ರೀತಿಯಲ್ಲಿಯೇ ಅವುಗಳ ಕಾರಣ ಅಡಗಿದೆ.

ಪ್ರಕಟಣೆಯ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಇಂಗ್ಲೆಂಡಿನ ನಗರಗಳಲ್ಲಿ ಅಕ್ಷರ ಬಲ್ಲ ಕಾರ್ಮಿಕರ ಸಂಖ್ಯೆ ಬೆಳೆಯುತ್ತಿತ್ತು. ಚಾರ್ಲ್ಸ್ ಡಿಕನ್ಸ್‌ನ ಕಾದಂಬರಿಯ ಒಂದು ತಿಂಗಳ ಕಂತಿಗೆ ಒಂದು ಶಿಲ್ಲಿಂಗ್, ಎಂದರೆ ಹನ್ನೆರಡು ಪೆನ್ನಿ, ಕೊಡಬೇಕಾಗಿತ್ತು. ದಿನಗೂಲಿಯವರಿಗೆ ಇದು ನಿಲುಕುವ ಬೆಲೆಯಾಗಿರಲಿಲ್ಲ. ಲಾಯ್ಡ್‌ನಂಥ ಪ್ರಕಾಶಕರು ಈ ಓದುಗರಿಗಾಗಿ ಒಂದು ಪೆನ್ನಿ ಬೆಲೆಯ ವಾರದ ಕಂತುಗಳನ್ನು ಹೊರತಂದರು. ಒರಟು ಕಾಗದ, ಒತ್ತಾದ ಸಣ್ಣ ಅಕ್ಷರ, ಮೊದಲ ಪುಟದಲ್ಲಿ ಮರದ ಅಚ್ಚಿನಿಂದ ಮುದ್ರಿಸಿದ ಒಂದು ಭೀಕರ ಚಿತ್ರ: ಇದು ಅವುಗಳ ಸಾಮಾನ್ಯ ರೂಪ. ಮುಂದೆ ಇಂಥ ಸಾಹಿತ್ಯಕ್ಕೆ ‘ಪೆನ್ನಿ ಡ್ರೆಡ್‌ಫುಲ್’, ಅಂದರೆ ಕಾಸಿನ ಬೆಲೆಯ ಭಯಾನಕ ಕಥೆ, ಎಂಬ ಹೆಸರು ಬಿದ್ದಿತು. ಹೆಸರಿಟ್ಟವರು ಅದನ್ನು ಓದದ ವರ್ಗದವರು ಎಂಬುದನ್ನು ಗಮನಿಸಬೇಕು.

ಲಾಯ್ಡ್ ವ್ಯಾಪಾರದಲ್ಲಿ ಸಂಕೋಚವಿಲ್ಲದ ಮನುಷ್ಯ. ಡಿಕನ್ಸ್‌ನ ಜನಪ್ರಿಯತೆ ಏರುತ್ತಿದ್ದಂತೆಯೇ ‘ದ ಪೆನ್ನಿ ಪಿಕ್‌ವಿಕ್’, ‘ಆಲಿವರ್ ಟ್ವಿಸ್’ ಎಂಬ ನಕಲು ಕೃತಿಗಳನ್ನು ಅವನು ಮಾರಾಟಕ್ಕೆ ಬಿಟ್ಟಿದ್ದ. ಕ್ಷೌರಿಕ ಸ್ವೀನಿ ಟಾಡ್‌ನನ್ನು ಮೊದಲಿಗೆ ಓದುಗರ ಮುಂದೆ ತಂದ ‘ದ ಸ್ಟ್ರಿಂಗ್ ಆಫ್ ಪರ್ಲ್ಸ್’ (1846–47) ಕೂಡ ಅವನ ಪ್ರಕಟಣೆಯೇ. ಅದು ವಾರ್ನಿಯ ಕಂತುಗಳು ಬರುತ್ತಿದ್ದ ಕಾಲದಲ್ಲಿಯೇ ಬಂದಿತು.

ಈ ಬಗೆಯ ಲೇಖಕರಿಗೆ ಸಾಲಿನ ಲೆಕ್ಕದಲ್ಲಿ ಸಂಭಾವನೆ ಸಲ್ಲುತ್ತಿತ್ತೆಂಬ ನಂಬಿಕೆ ವ್ಯಾಪಕವಾಗಿದೆ. ವಾರ್ನಿಯ ಪುಟಗಳನ್ನು ತಿರುವಿದರೆ ಅದನ್ನು ನಂಬುವುದು ಕಷ್ಟವಲ್ಲ. ಇಬ್ಬರು ಎದುರಾದರೆ ‘ಹೌದೇ?’, ‘ಹೌದು’, ‘ನಿಜವಾಗಿಯೂ?’ ಎಂಬಂಥ ಒಂದೊಂದೇ ಪದದ ಮಾತುಗಳು ಅರ್ಧ ಅಂಕಣವನ್ನು ತುಂಬುತ್ತವೆ. ಕಥೆ ಜನಪ್ರಿಯವಾಗಿರುವವರೆಗೆ ಅದನ್ನು ಮುಗಿಸುವ ಆತುರ ಪ್ರಕಾಶಕನಿಗೂ ಇರಲಿಲ್ಲ, ಲೇಖಕನಿಗೂ ಇರಲಿಲ್ಲ. ದೂರದರ್ಶನದ ದೈನಂದಿನ ಧಾರಾವಾಹಿಗಳು ವರ್ಷಗಟ್ಟಲೆ ಎಳೆದಾಡುವುದನ್ನು ನೋಡಿರುವ ಕನ್ನಡಿಗರಿಗೆ ಈ ಆರ್ಥಿಕತೆಯನ್ನು ವಿವರಿಸಬೇಕಾಗಿಲ್ಲ.

ಕಥಾವಸ್ತು

ಮಧ್ಯರಾತ್ರಿ, ಆಲಿಕಲ್ಲಿನ ಬಿರುಗಾಳಿ. ಬ್ಯಾನರ್‌ವರ್ತ್ ಹಾಲ್ ಎಂಬ ಹಳೆಯ ಬಂಗಲೆಯ ಕೋಣೆಯೊಂದರಲ್ಲಿ ಫ್ಲೋರಾ ಎಂಬ ತರುಣಿ ಮಲಗಿದ್ದಾಳೆ. ಕಿಟಕಿಯ ಗಾಜಿನ ಮೇಲೆ ಉಗುರು ಗೀರುವ ಸದ್ದು ಕೇಳಿಸುತ್ತದೆ. ಎತ್ತರದ, ಬಿಳಿಚಿದ ಆಕೃತಿಯೊಂದು ಗಾಜನ್ನು ಒಡೆದು ಒಳಗೆ ಬಂದು, ಅವಳ ನೀಳವಾದ ಕೂದಲನ್ನು ಹಿಡಿದೆಳೆದು ಕೊರಳಿಗೆ ಹಲ್ಲೂರುತ್ತದೆ. ಭಯಾನಕ ಕಥೆಗಳ ಸಂಕಲನಗಳಲ್ಲಿ ಇಂದಿಗೂ ಮರುಮುದ್ರಣವಾಗುವುದು ಈ ಮೊದಲ ಅಧ್ಯಾಯವೇ. ಇಡೀ ಕೃತಿಯ ಉತ್ತಮ ಭಾಗವೂ ಇದೇ ಎಂದು ಹೇಳಿದರೆ ತಪ್ಪಾಗಲಾರದು.

ಮುಂದಿನ ಭಾಗ ಫ್ಲೋರಾಳ ಕುಟುಂಬದ ಸುತ್ತ ಬೆಳೆಯುತ್ತದೆ. ತಂದೆಯಿಲ್ಲದ ಮನೆ; ತಾಯಿ, ಹೆನ್ರಿ ಮತ್ತು ಜಾರ್ಜ್ ಎಂಬ ಸಹೋದರರು, ಕರಗುತ್ತಿರುವ ಆಸ್ತಿ. ನೆರೆಗೆ ಬಂದು ನೆಲೆಸಿದ ಸರ್ ಫ್ರಾನ್ಸಿಸ್ ವಾರ್ನಿಯ ಮುಖಕ್ಕೂ ಮನೆಯ ಗೋಡೆಯಲ್ಲಿರುವ ಪೂರ್ವಜನ ಭಾವಚಿತ್ರಕ್ಕೂ ವಿಲಕ್ಷಣವಾದ ಹೋಲಿಕೆಯಿದೆ. ಅವನು ಸಭ್ಯವಾಗಿ ಮಾತನಾಡಿ ಬಂಗಲೆಯನ್ನು ಕೊಳ್ಳಲು ಮುಂದಾಗುತ್ತಾನೆ. ಫ್ಲೋರಾಳನ್ನು ಮದುವೆಯಾಗಲಿರುವ ಚಾರ್ಲ್ಸ್ ಹಾಲೆಂಡ್, ಅವನ ಸೋದರಮಾವನಾದ ಬಾಯಿಬಡುಕ ನೌಕಾಧಿಕಾರಿ ಅಡ್ಮಿರಲ್ ಬೆಲ್, ಆ ಅಡ್ಮಿರಲ್‌ನೊಡನೆ ಸದಾ ಜಗಳವಾಡುವ ನಾವಿಕ ಜ್ಯಾಕ್ ಪ್ರಿಂಗಲ್, ವೈದ್ಯ ಚಿಲ್ಲಿಂಗ್‌ವರ್ತ್ ಎಲ್ಲರೂ ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಈ ಹಂತದಲ್ಲಿ ಕಥೆ ಅನಿರೀಕ್ಷಿತವಾಗಿ ಹೊರಳುತ್ತದೆ. ವಾರ್ನಿ ಬಯಸುತ್ತಿರುವುದು ರಕ್ತವನ್ನಲ್ಲ, ಬಂಗಲೆಯಲ್ಲಿ ಹುದುಗಿರುವ ಹಣವನ್ನು ಎಂಬ ಸೂಚನೆಗಳು ದೊರೆಯತೊಡಗುತ್ತವೆ. ರಕ್ತಪಿಶಾಚಿಯ ವೇಷ ಮನೆಯವರನ್ನು ಹೆದರಿಸಿ ಓಡಿಸುವ ತಂತ್ರವಾಗಿರಬಹುದು ಎಂದು ಓದುಗ ಊಹಿಸುವಷ್ಟರಲ್ಲಿ, ಗುಂಡೇಟಿನಿಂದ ಸತ್ತ ವಾರ್ನಿ ಬೆಳದಿಂಗಳು ಮೈಮೇಲೆ ಬಿದ್ದೊಡನೆ ಎದ್ದು ಕೂರುತ್ತಾನೆ.

ಈ ಭಾಗದಲ್ಲಿ ಬರುವ ಊರವರ ದೊಂಬಿ ಕಾದಂಬರಿಯ ಅತ್ಯಂತ ಗಂಭೀರವಾದ ಪ್ರಸಂಗ. ಪಿಶಾಚಿಯ ಸುದ್ದಿ ಹಬ್ಬಿದೊಡನೆ ಜನರು ಗುಂಪುಗೂಡಿ ವಾರ್ನಿಯ ಮನೆಗೆ ಬೆಂಕಿ ಹಚ್ಚುತ್ತಾರೆ, ಸ್ಮಶಾನಕ್ಕೆ ನುಗ್ಗಿ ಗೋರಿಗಳನ್ನು ಅಗೆಯುತ್ತಾರೆ. ಒಂದು ಶವಪೆಟ್ಟಿಗೆಯಲ್ಲಿ ಶವದ ಬದಲು ಇಟ್ಟಿಗೆ ಸಿಕ್ಕಿದಾಗ ಭಯ ಇನ್ನಷ್ಟು ಹೆಚ್ಚುತ್ತದೆ. ಪಿಶಾಚಿಗಿಂತ ಅದನ್ನು ಬೇಟೆಯಾಡುವವರೇ ಹೆಚ್ಚು ಭಯಂಕರರಾಗಿ ಕಾಣುವ ಈ ಪುಟಗಳು ಅವಸರದಲ್ಲಿ ಬರೆದ ಕೃತಿಯೊಂದರಲ್ಲಿ ನಿರೀಕ್ಷಿಸುವಂಥವಲ್ಲ.

ಬ್ಯಾನರ್‌ವರ್ತ್ ಕುಟುಂಬದ ಕಥೆ ಮುಗಿದ ಮೇಲೂ ಕಾದಂಬರಿ ಮುಗಿಯುವುದಿಲ್ಲ. ವಾರ್ನಿ ಬೇರೆ ಬೇರೆ ಹೆಸರುಗಳಲ್ಲಿ ಲಂಡನ್, ಬಾತ್, ವಿಂಚೆಸ್ಟರ್, ನೇಪಲ್ಸ್, ವೆನಿಸ್ ಎಂದು ಅಲೆಯುತ್ತಾನೆ. ಒಂದು ಊರು, ಒಂದು ಶ್ರೀಮಂತ ಮನೆ, ಒಬ್ಬ ತರುಣಿ, ಮದುವೆಯ ಸಿದ್ಧತೆ, ಕೊನೆಯ ಗಳಿಗೆಯಲ್ಲಿ ಗುರುತು ಬಯಲಾಗಿ ಪಲಾಯನ: ಇದೇ ಸರಣಿ ಅಲ್ಪಸ್ವಲ್ಪ ಬದಲಾವಣೆಗಳೊಂದಿಗೆ ಮರುಕಳಿಸುತ್ತದೆ. ಇವುಗಳ ನಡುವೆ ಕ್ಲಾರಾ ಕ್ರಾಫ್ಟನ್ ಎಂಬ ಯುವತಿಯ ಪ್ರಸಂಗ ಮಾತ್ರ ಪ್ರತ್ಯೇಕವಾಗಿ ನಿಲ್ಲುತ್ತದೆ. ವಾರ್ನಿಗೆ ಬಲಿಯಾದ ಅವಳು ತಾನೂ ರಕ್ತಪಿಶಾಚಿಯಾಗಿ ಏಳುತ್ತಾಳೆ. ಜನರು ಅವಳ ದೇಹಕ್ಕೆ ಮರದ ಗೂಟ ಬಡಿದು ಕೊನೆಗಾಣಿಸುತ್ತಾರೆ. ಅಂತ್ಯದಲ್ಲಿ, ತನ್ನ ಬದುಕಿನಿಂದ ಬೇಸತ್ತ ವಾರ್ನಿ ತನ್ನ ವೃತ್ತಾಂತವನ್ನು ಬರೆದು ಒಬ್ಬ ಪಾದ್ರಿಯ ಬಳಿ ಬಿಟ್ಟು, ವೆಸೂವಿಯಸ್ ಜ್ವಾಲಾಮುಖಿಗೆ ಹಾರುತ್ತಾನೆ. ಬೆಳದಿಂಗಳು ಮತ್ತೆ ಮುಟ್ಟಬಹುದಾದ ದೇಹವೇ ಉಳಿಯಬಾರದೆಂಬುದು ಅವನ ಉದ್ದೇಶ.

ಅಸಂಗತಿಗಳು

ಓದುಗರನ್ನು ಕಾಡುವ ಗೊಂದಲ ಮುಖ್ಯವಾಗಿ ಎರಡು ಕಡೆ ಕಾಣಿಸುತ್ತದೆ. ಮೊದಲನೆಯದು ಕಾಲ. ಕಥೆ ಹದಿನೆಂಟನೆಯ ಶತಮಾನದ ಆರಂಭದಲ್ಲಿ ನಡೆಯುವಂತೆ ತೋರಿದರೂ ನಡುನಡುವೆ ನೆಪೋಲಿಯನ್ನನ ಯುದ್ಧಗಳ ಉಲ್ಲೇಖ ಬರುತ್ತದೆ. ಲೇಖಕನು ಹಿಂದಿನ ಕಂತುಗಳನ್ನು ತಿರುಗಿ ನೋಡುತ್ತಿರಲಿಲ್ಲವೆಂದೇ ಇದರಿಂದ ತಿಳಿಯಬೇಕಾಗುತ್ತದೆ.

ಎರಡನೆಯದು ಇನ್ನೂ ಗಂಭೀರವಾದದ್ದು. ವಾರ್ನಿ ರಕ್ತಪಿಶಾಚಿಯಾದದ್ದು ಹೇಗೆ ಎಂಬ ಪ್ರಶ್ನೆಗೆ ಕಾದಂಬರಿ ಒಂದಕ್ಕಿಂತ ಹೆಚ್ಚು ಉತ್ತರಗಳನ್ನು ಕೊಡುತ್ತದೆ. ಒಂದು ಕಡೆ ಅವನು ಗಲ್ಲಿಗೇರಿದ ಅಪರಾಧಿ. ಆಗ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಚಿಲ್ಲಿಂಗ್‌ವರ್ತ್ ಶವಕ್ಕೆ ವಿದ್ಯುತ್ತನ್ನು ಹಾಯಿಸಿ ಬದುಕಿಸುತ್ತಾನೆ. ಮೇರಿ ಶೆಲ್ಲಿಯ ಫ್ರಾಂಕನ್‌ಸ್ಟೈನ್‌ನ ನೆರಳು ಇಲ್ಲಿ ಸ್ಪಷ್ಟವಾಗಿದೆ. ಈ ಲೆಕ್ಕದಲ್ಲಿ ಅವನು ವಿಚಿತ್ರವಾಗಿ ಬದುಕುಳಿದ ಮನುಷ್ಯನೇ ಹೊರತು ಪಿಶಾಚಿಯಲ್ಲ. ಕೊನೆಯ ಭಾಗದ ಪ್ರಕಾರ ಅವನು ಆಲಿವರ್ ಕ್ರಾಮ್‌ವೆಲ್‌ನ ಕಾಲದವನು. ರಾಜನ ಪಕ್ಷದವನೊಬ್ಬನನ್ನು ಕ್ರಾಮ್‌ವೆಲ್‌ಗೆ ಹಿಡಿದುಕೊಟ್ಟು, ಬಳಿಕ ಕೋಪದ ಭರದಲ್ಲಿ ಸ್ವಂತ ಮಗನನ್ನೇ ಕೊಂದು ಶಾಪಗ್ರಸ್ತನಾದವನು. ಇವೆರಡನ್ನೂ ಹೊಂದಿಸುವ ಯತ್ನವನ್ನು ಕೃತಿ ಮಾಡುವುದಿಲ್ಲ. ಹಣಕ್ಕಾಗಿ ಪಿಶಾಚಿಯಂತೆ ನಟಿಸುತ್ತಿದ್ದ ಮನುಷ್ಯ ಕಂತುಗಳು ಬೆಳೆದಂತೆ ನಿಜವಾದ ಪಿಶಾಚಿಯಾಗಿ ಬದಲಾದನೆಂದು ಕಾಣುತ್ತದೆ. ಮೊದಲೇ ಯೋಜಿಸಿದ ದ್ವಂದ್ವಾರ್ಥವೆಂದು ಇದನ್ನು ಸಮರ್ಥಿಸುವುದು ಲೇಖಕನಿಗೆ ಅವನು ಕೇಳದ ಗೌರವವನ್ನು ಕೊಟ್ಟಂತಾಗುತ್ತದೆ.

ರಕ್ತಪಾತದ ವಿಷಯದಲ್ಲಿ ಉಪಶೀರ್ಷಿಕೆಯೇ ಓದುಗನನ್ನು ಎಚ್ಚರಿಸುತ್ತದೆ. ಆದರೂ ಕೃತಿಯ ಒಟ್ಟು ಗಾತ್ರದಲ್ಲಿ ರಕ್ತ ಹೀರುವ ದೃಶ್ಯಗಳು ಕಡಿಮೆ. ರಕ್ತಕ್ಕೆ ಹೇಸಿದವರಂತೆಯೇ ರಕ್ತವನ್ನು ನಿರೀಕ್ಷಿಸಿದವರೂ, ಅದರ ಬದಲು ಅಡ್ಮಿರಲ್ ಮತ್ತು ಜ್ಯಾಕ್ ಪ್ರಿಂಗಲ್‌ರ ಕೊನೆಯಿಲ್ಲದ ಕಿತ್ತಾಟಗಳನ್ನು ಓದಬೇಕಾಗಿ ಬಂದು ನಿರಾಶರಾಗುತ್ತಾರೆ.

ಕರ್ತೃತ್ವ

ಬಹುಕಾಲ ಈ ಕೃತಿಯನ್ನು ಲಾಯ್ಡ್‌ನ ಮತ್ತೊಬ್ಬ ಲೇಖಕ ಥಾಮಸ್ ಪೆಕೆಟ್ ಪ್ರೆಸ್ಟ್‌ನದೆಂದು ಭಾವಿಸಲಾಗಿತ್ತು. ರಕ್ತಪಿಶಾಚಿಗಳ ಬಗ್ಗೆ ವಿಸ್ತಾರವಾಗಿ ಬರೆದ ಮಾಂಟೆಗ್ಯೂ ಸಮ್ಮರ್ಸ್ ಈ ಮತವನ್ನು ಪ್ರಚುರಪಡಿಸಿದ. ರೈಮರ್‌ನ ಸ್ವಂತ ಸಂಗ್ರಹಪುಸ್ತಕಗಳ ಆಧಾರದಿಂದ ವಿದ್ವಾಂಸ ಲೂಯಿಸ್ ಜೇಮ್ಸ್ ಕರ್ತೃತ್ವವನ್ನು ರೈಮರ್‌ಗೆ ಸಲ್ಲಿಸಿದ ಬಳಿಕ ಅಭಿಪ್ರಾಯ ಬದಲಾಯಿತು. ಶೈಲಿಯ ಏರಿಳಿತಗಳನ್ನು ಗಮನಿಸಿದರೆ ಕೆಲವು ಕಂತುಗಳಲ್ಲಿ ಬೇರೆಯವರ ಕೈವಾಡವೂ ಇದ್ದೀತು.

ರೈಮರ್ ಬುದ್ಧಿಯಿಲ್ಲದ ಲೇಖಕನಾಗಿರಲಿಲ್ಲ. 1842ರಲ್ಲಿ ‘ಕ್ವೀನ್ಸ್ ಮ್ಯಾಗಜೀನ್’ ಪತ್ರಿಕೆಯ ಸಂಪಾದಕನಾಗಿದ್ದಾಗ ಜನಪ್ರಿಯ ಬರವಣಿಗೆಯ ಕುರಿತು ಅವನೊಂದು ಪ್ರಬಂಧ ಬರೆದಿದ್ದ. ಜನಪ್ರಿಯನಾಗಬಯಸುವವನು ತನ್ನ ಓದುಗರ ರುಚಿಯನ್ನು ಚೆನ್ನಾಗಿ ಅರಿತಿರಬೇಕೆಂಬುದು ಅದರ ಇಂಗಿತ. ಆ ಓದುಗರ ಬಗ್ಗೆ ಅದರಲ್ಲಿ ಗೌರವಕ್ಕಿಂತ ತಾತ್ಸಾರವೇ ಹೆಚ್ಚು. ಮೂರೇ ವರ್ಷಗಳಲ್ಲಿ ಅವನು ಅದೇ ಓದುಗರಿಗಾಗಿ ವಾರವಾರವೂ ಬರೆಯತೊಡಗಿದ. ಕ್ಲಾರಾಳ ಅಂತ್ಯ ಮತ್ತು ವಾರ್ನಿಯ ಪಶ್ಚಾತ್ತಾಪದಂಥ ಭಾಗಗಳಲ್ಲಿ ಆ ತಾತ್ಸಾರ ಕಾಣುವುದಿಲ್ಲ.

ಓದುಗರ ಸ್ವೀಕಾರ

ಸಮಕಾಲೀನ ಓದುಗರು ನಿರಾಶರಾಗಿದ್ದರೆ ಕಥೆ ಎರಡು ವರ್ಷ ನಡೆಯುತ್ತಿರಲಿಲ್ಲ. 1853ರಲ್ಲಿ ಅದನ್ನು ಮತ್ತೆ ಪೆನ್ನಿ ಕಂತುಗಳಲ್ಲಿ ಹೊರತರಲಾಯಿತು. ಒಂದು ಪ್ರತಿ ಹಲವು ಕೈಗಳನ್ನು ದಾಟಿ, ಗಟ್ಟಿಯಾಗಿ ಓದಿಸಿಕೊಂಡು, ಕೊನೆಗೆ ಹರಿದು ಹೋಗುತ್ತಿತ್ತು. ಮೂಲ ಮುದ್ರಣದ ಪ್ರತಿಗಳು ಇಂದು ಅತಿ ವಿರಳವಾಗಿರುವುದಕ್ಕೆ ಇದೂ ಒಂದು ಕಾರಣ. ಅಂದಿನ ಓದುಗ ವಾರಕ್ಕೊಮ್ಮೆ ಎಂಟು ಪುಟ ಓದುತ್ತಿದ್ದ. ಮೂವತ್ತು ವಾರಗಳ ಹಿಂದೆ ಹೇಳಿದ್ದು ಇಂದಿನದಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಲು ಆ ಹಳೆಯ ಕಂತು ಅವನ ಬಳಿ ಉಳಿದಿರುತ್ತಿರಲಿಲ್ಲ. ಆ ವಾರದ ಕಂತಿನಲ್ಲಿ ಒಂದು ನಡುಕ, ಒಂದು ನಗು, ಮುಂದಿನ ವಾರಕ್ಕೆ ಒಂದು ಕುತೂಹಲ ದೊರೆತರೆ ಕೊಟ್ಟ ಕಾಸಿಗೆ ಮೋಸವಿರಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಅದೇ ಕಂತುಗಳು ದಪ್ಪ ಪುಸ್ತಕವಾಗಿ ಮರಳಿದಾಗ ಪರಿಸ್ಥಿತಿ ತಲೆಕೆಳಗಾಯಿತು. 1970ರಲ್ಲಿ ನ್ಯೂಯಾರ್ಕಿನ ಆರ್ನೋ ಪ್ರೆಸ್ ಮೂರು ಸಂಪುಟಗಳ ಆವೃತ್ತಿಯನ್ನು ಹೊರತಂದಿತು. ಅದರ ಸಂಪಾದಕ ದೇವೇಂದ್ರ ಪಿ. ವರ್ಮಾ ಭಾರತದಲ್ಲಿ ಹುಟ್ಟಿ ಕೆನಡಾದ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಇಂಗ್ಲಿಷಿನ ಗಾಥಿಕ್ ಕಾದಂಬರಿಗಳನ್ನು ವಿಸ್ಮೃತಿಯಿಂದ ಎತ್ತಿ ತಂದವರಲ್ಲಿ ಪ್ರಮುಖರು. 1972ರಲ್ಲಿ ಡೋವರ್ ಪ್ರಕಾಶನದ ಅಗ್ಗದ ಆವೃತ್ತಿ ಬಂದಿತು. ಅದುವರೆಗೆ ಹೆಸರಷ್ಟೇ ಗೊತ್ತಿದ್ದ ಕೃತಿಯನ್ನು ಸಾಮಾನ್ಯ ಓದುಗರು ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಲು ಹೊರಟಾಗ, ಕಂತುಗಳ ನಡುವಿನ ವಾರದ ಅಂತರದಲ್ಲಿ ಮರೆಯಾಗಿದ್ದ ಬಿರುಕುಗಳೆಲ್ಲ ಎದ್ದು ಕಂಡವು. ಮೊದಲ ಅಧ್ಯಾಯದ ಭರವಸೆ ಈಡೇರಲಿಲ್ಲ ಎಂಬ ದೂರು ಅಂದಿನಿಂದ ನಿಂತಿಲ್ಲ.

ಡ್ರಾಕುಲಾದೊಂದಿಗಿನ ಹೋಲಿಕೆ ಈ ಅಸಮಾಧಾನವನ್ನು ಹೆಚ್ಚಿಸಿದೆ. ಸ್ಟೋಕರ್‌ನ ಕೃತಿಯಲ್ಲಿ ಪಿಶಾಚಿಗೆ ನಿಯಮಗಳಿವೆ: ಶಿಲುಬೆಗೆ, ಬೆಳ್ಳುಳ್ಳಿಗೆ ಅದು ಹೆದರುತ್ತದೆ. ನಿಯಮಗಳಿರುವುದರಿಂದಲೇ ಅದನ್ನು ಹಿಡಿಯುವ ಆಟಕ್ಕೆ ರೋಚಕತೆ ಬರುತ್ತದೆ. ವಾರ್ನಿ ಹಾಡಹಗಲಲ್ಲಿ ಓಡಾಡುತ್ತಾನೆ, ಅನುಮಾನ ಬಾರದಿರಲೆಂದು ಊಟದ ಮೇಜಿನಲ್ಲಿಯೂ ಕೂರುತ್ತಾನೆ. ಶಿಲುಬೆ, ಬೆಳ್ಳುಳ್ಳಿಗಳು ಅವನಿಗೆ ಲೆಕ್ಕಕ್ಕಿಲ್ಲ. ಇಂದಿನ ಓದುಗನಿಗೆ ಇದು ನಿಯಮ ಮುರಿದಂತೆ ಕಾಣುತ್ತದೆ. ಆ ನಿಯಮಗಳು ಬಳಕೆಗೆ ಬಂದದ್ದು ಅರ್ಧ ಶತಮಾನದ ಬಳಿಕ.

ಪ್ರಭಾವ

ಸಾಹಿತ್ಯದಲ್ಲಿ ಶ್ರೀಮಂತ ಕುಲದ ರಕ್ತಪಿಶಾಚಿಯನ್ನು ಸ್ಥಾಪಿಸಿದ್ದು ಜಾನ್ ಪಾಲಿಡೊರಿಯ ‘ದ ವ್ಯಾಂಪೈರ್’ (1819). ವಾರ್ನಿ ಆ ಶ್ರೀಮಂತನಿಗೆ ಕೋರೆಹಲ್ಲುಗಳನ್ನು ಕೊಟ್ಟಿತು. ಕಿಟಕಿಯಿಂದ ಒಳಬಂದು ಮಲಗಿದ ತರುಣಿಯನ್ನು ಕಚ್ಚುವ ದೃಶ್ಯ, ಕಣ್ಣಿನ ವಶೀಕರಣ, ಅಮಾನುಷ ಬಲ ಇವು ಇಲ್ಲಿ ಒಟ್ಟಾಗಿ ಕಾಣಿಸಿಕೊಂಡು, ಷೆರಿಡನ್ ಲ ಫಾನೂವಿನ ‘ಕಾರ್ಮಿಲ್ಲಾ’ (1871–72) ಮತ್ತು ಡ್ರಾಕುಲಾಗಳ ಬಳಿಕ ಚಲನಚಿತ್ರಗಳವರೆಗೆ ಹರಿದುಬಂದವು. ತನ್ನ ಸ್ಥಿತಿಯನ್ನು ದ್ವೇಷಿಸುತ್ತ, ಅದರಿಂದ ಬಿಡುಗಡೆ ಬಯಸುವ ಪಿಶಾಚಿಯೂ ಈ ಕೃತಿಯ ಕೊಡುಗೆ. ಲೇಖಕ ತನ್ನ ನಾಯಕನ ಬಗ್ಗೆ ಒಂದು ತೀರ್ಮಾನಕ್ಕೆ ಬಾರದೆ ಹೋದದ್ದರಿಂದಲೇ ವಾರ್ನಿ ಕೆಲವೊಮ್ಮೆ ಖಳ, ಕೆಲವೊಮ್ಮೆ ಮೋಸಗಾರ, ಕೆಲವೊಮ್ಮೆ ಕನಿಕರಕ್ಕೆ ಅರ್ಹನಾದ ಮನುಷ್ಯನಾಗಿ ಉಳಿದ. ದೋಷವೆಂದು ಎಣಿಸಲಾದ ಅಸ್ಥಿರತೆಯಿಂದಲೇ ಆ ಪಾತ್ರಕ್ಕೆ ಒಂದು ಒಳಬದುಕು ದೊರೆತಿದೆ.

ಮಲೆನಾಡಿನ ನಂಬಿಕೆಗಳೊಂದಿಗೆ ಹೋಲಿಕೆ

ವ್ಯಾಂಪೈರ್ ಎಂಬುದಕ್ಕೆ ಕನ್ನಡದಲ್ಲಿ ಬಳಕೆಯಾಗುವ ‘ರಕ್ತಪಿಶಾಚಿ’ ಎಂಬ ಪದ ಅನುಕೂಲಕರವಾದರೂ ಪೂರ್ತಿ ಸಮಾನಾರ್ಥಕವಲ್ಲ. ಕನ್ನಡ ಓದುಗರು ಇಂಥ ಕೃತಿಗಳನ್ನು ಓದುವಾಗ ಎದುರಾಗುವ ಅಪರಿಚಿತತೆಗೆ ಕಥನದ ಗೊಂದಲವಷ್ಟೇ ಕಾರಣವಲ್ಲ, ನಂಬಿಕೆಗಳ ವ್ಯತ್ಯಾಸವೂ ಕಾರಣ. ಭೂತ, ಚೌಡಿಗಳ ಕಥೆಗಳಿಗೆ ಹೆಸರಾದ ಮಲೆನಾಡನ್ನು ಉದಾಹರಣೆಯಾಗಿ ನೋಡಬಹುದು.

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳನ್ನು ಒಳಗೊಂಡ ಮಲೆನಾಡಿನ ಜನಪದ ನಂಬಿಕೆಯಲ್ಲಿ ರಕ್ತ ಬಯಸುವ ಶಕ್ತಿಗಳಿಗೆ ಕೊರತೆಯಿಲ್ಲ. ಆದರೆ ಭೂತ, ಚೌಡಿಗಳಿಗೆ ಒಂದು ಸ್ಥಳವಿದೆ: ತೋಟದ ಅಂಚಿನ ಬನ, ಮರದ ಬುಡ, ಒಂದು ಕಲ್ಲು. ಅವುಗಳಿಗೂ ಮನೆಯವರಿಗೂ ನಡುವೆ ಒಂದು ಕರಾರೂ ಇದೆ. ವರ್ಷಕ್ಕೊಮ್ಮೆ ಹರಕೆ ಸಲ್ಲಿಸಿ ಕೋಳಿ ಕೊಟ್ಟರೆ ಅವು ತೋಟ, ದನಕರು, ಮನೆಮಂದಿಯನ್ನು ಕಾಯುತ್ತವೆ, ತಪ್ಪಿದರೆ ಮುನಿಯುತ್ತವೆ. ವಾರ್ನಿಯದು ಕಳ್ಳತನ, ಭೂತದ್ದು ಸಲ್ಲಬೇಕಾದ ಪಾಲು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ‘ಕಾನೂರು ಹೆಗ್ಗಡಿತಿ’ (1936) ಕಾದಂಬರಿಯಲ್ಲಿ ಈ ನಂಬಿಕೆಯ ಲೋಕವನ್ನೂ ಬಲಿಯ ಪದ್ಧತಿಯನ್ನೂ ವಿಮರ್ಶಕ ದೃಷ್ಟಿಯಿಂದ ಚಿತ್ರಿಸಿದ್ದಾರೆ. ಅಲ್ಲಿನ ಭಯ ಹುಟ್ಟುವುದು ಅಪರಿಚಿತನೊಬ್ಬ ಕಿಟಕಿ ಒಡೆದು ಬಂದದ್ದರಿಂದಲ್ಲ, ಮನೆತನದೊಳಗಿನ ದರ್ಪ ಮತ್ತು ಅಜ್ಞಾನಗಳಿಂದ.

ಯುರೋಪಿನ ರಕ್ತಪಿಶಾಚಿಗೆ ಗೋರಿಯಲ್ಲಿ ಕೆಡದೆ ಉಳಿದ ಸ್ವಂತ ದೇಹ ಬೇಕು. ಶವವನ್ನು ಸುಡುವ ಸಮುದಾಯಗಳಲ್ಲಿ ಅಂಥ ಕಲ್ಪನೆ ಬೇರೂರುವುದು ಕಷ್ಟ. ಭಾರತೀಯ ಕಥೆಗಳಲ್ಲಿ ಇದಕ್ಕೆ ಹತ್ತಿರವಾಗಿ ಕಾಣುವ ಬೇತಾಳವೂ ಬೇರೆಯವರ ಶವವನ್ನು ಹೊಕ್ಕು ಮಾತನಾಡುತ್ತದೆ. ರಕ್ತಕ್ಕಿಂತ ಒಗಟುಗಳಲ್ಲಿ ಅದಕ್ಕೆ ಆಸಕ್ತಿ ಹೆಚ್ಚು. ರಿಚರ್ಡ್ ಬರ್ಟನ್ 1870ರಲ್ಲಿ ಬೇತಾಳನ ಕಥೆಗಳನ್ನು ಇಂಗ್ಲಿಷಿಗೆ ತಂದಾಗ ‘ವಿಕ್ರಮ್ ಅಂಡ್ ದ ವ್ಯಾಂಪೈರ್’ ಎಂದು ಹೆಸರಿಟ್ಟ. ವಾರ್ನಿಯಂಥ ಕಥೆಗಳನ್ನು ಓದಿ ಬೆಳೆದವರು ಆ ಹೆಸರನ್ನು ನಂಬಿ ಪುಸ್ತಕ ತೆರೆದರೆ ಕೊರಳು ಕಚ್ಚುವ ಪಿಶಾಚಿಯ ಬದಲು ನ್ಯಾಯ ಕೇಳುವ ಪಿಶಾಚಿ ಎದುರಾಗುತ್ತಿತ್ತು. ಮಲೆನಾಡಿನವರ ಮಟ್ಟಿಗೆ, ಸದ್ದಿಲ್ಲದೆ ಬಂದು ಗುರುತು ಬಿಟ್ಟು ರಕ್ತ ಹೀರಿ ಹೋಗುವ ಜೀವಿಯೆಂದರೆ ಮಳೆಗಾಲದ ಉಂಬಳ. ಅದಕ್ಕೆ ಸುಣ್ಣ, ಉಪ್ಪುಗಳ ಮದ್ದೂ ಎಲ್ಲರಿಗೆ ಗೊತ್ತಿದೆ.